ಯಾರ ಪಠ್ಠಾ?

ಆಳಂದ
18 ಮೇ 1947

ತೀರ್ಥರೂಪ ಅಪ್ಪನವರ ಪಾದಗಳಿಗೆ ಚಂದ್ರಾಮನ ನಮಸ್ಕಾರಗಳು.

ಜೇವರ್ಗಿಯ ಕುಸ್ತಿ ಮುಗಿದು, ಮೈಗೆ ಹತ್ತಿದ ಮಣ್ಣನ್ನೂ ತೊಳೆಯದೆ ನಿಮ್ಮನ್ನು ಹುಡುಕುತ್ತ ಬಂದೆ. ನೀವು ಕುಳಿತಿದ್ದ ಜಾಗ ಖಾಲಿ ಇತ್ತು. ರುಮಾಲು ಕೊಡವಿ ಎದ್ದು ಹೋದರು ಎಂದು ಪಕ್ಕದವರು ಹೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಆಡುವ ಮೊದಲು ಪಂಚರು ನನ್ನ ಕೈ ಎತ್ತಿ ಹಿಡಿದು "ಯಾರ ಪಠ್ಠಾ?" ಎಂದು ಕೂಗಿದಾಗ ನಾನು ಆಳಂದದ ಕರೀಮಸಾಬ ಉಸ್ತಾದರ ಪಠ್ಠಾ ಎಂದೆ. ನಿಮ್ಮ ಹೆಸರು ಹೇಳಲಿಲ್ಲ.

ಅಪ್ಪಾ, ಈ ರಿವಾಜು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯಾರ ತಾಲೀಮಿನ ಮಣ್ಣು ಮೈಗೆ ಹತ್ತಿದೆಯೋ ಅವರ ಶಿಷ್ಯ ಎಂದೇ ಹೇಳಬೇಕು, ಎರಡು ಹೆಸರು ಹೇಳುವಂತಿಲ್ಲ. ನಮ್ಮ ದನದ ಕೊಟ್ಟಿಗೆಯ ಪಕ್ಕದಲ್ಲಿ ಮೊದಲ ಪಟ್ಟು ಹೇಳಿಕೊಟ್ಟವರು ನೀವೇ. ಅದನ್ನು ಮರೆತು ಹಾಗೆ ಹೇಳಿದ್ದಲ್ಲ.

ಇಲ್ಲಿಯೂ ನನಗೆ ಅದೇ ಹಳೆಯ ಕೆಲಸ, ದೊಡ್ಡ ಪೈಲ್ವಾನನಿಗೆ ಜೋರು ಕೊಡುವುದು. ದಿನಾ ಬೆಳಿಗ್ಗೆ ಅವನು ನನ್ನನ್ನು ಎತ್ತಿ ಒಗೆದು ತಿರುವಿ ಕೈ ಪಳಗಿಸಿಕೊಳ್ಳುತ್ತಾನೆ, ಆಮೇಲೆ ಊರೂರಿಗೆ ಹೋಗಿ ಗೆದ್ದು ಬರುತ್ತಾನೆ. ಅಫಜಲಪುರದ ಪೈಲ್ವಾನನ ಮೊಣಕಾಲು ಹೋಯಿತು, ಅಲ್ಲಿ ನಾನು ಬೇಡವಾದೆ. ಜೇವರ್ಗಿಯ ಸಾಹುಕಾರರಿಗೆ ಕುಸ್ತಿಯ ಹುಚ್ಚು ಬಿಟ್ಟು ಎತ್ತು ಓಡಿಸುವ ಹುಚ್ಚು ಹಿಡಿಯಿತು, ಅಲ್ಲಿಯೂ ಬೇಡವಾದೆ. ಇಲ್ಲಿಯ ಪೈಲ್ವಾನ ವಿಠ್ಠಲ, ನನ್ನ ವಾರಿಗೆಯವನು. ನನ್ನ ಎಡಪಕ್ಕೆಯ ಕೆಳಗೆ ಬೆರಳು ಹೋದರೆ ಕಚಗುಳಿಯಾಗಿ ಇಡೀ ಮೈ ಸಡಿಲು ಬಿಡುತ್ತದೆ ಎಂಬುದನ್ನು ಕಂಡುಹಿಡಿದವನು ಅವನೊಬ್ಬನೇ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದೇನೆ.

ಉಸ್ತಾದರದು ಮಾತು ಕಡಿಮೆ, ಸಿಟ್ಟು ಹೆಚ್ಚು. ಮೊನ್ನೆ ಸರಕಾರದ ಗಿರದಾವರರು ಬೂಟು ಹಾಕಿಕೊಂಡೇ ಅಖಾಡಕ್ಕೆ ಇಳಿಯಲು ಹೋದಾಗ ಅವರನ್ನು ಎಲ್ಲರ ಎದುರಿಗೆ ಬಾಗಿಲಲ್ಲೇ ನಿಲ್ಲಿಸಿದರು. ಈ ಮಣ್ಣಿಗೆ ಮೆಟ್ಟು ಹಾಕಿಕೊಂಡು ಯಾರೂ ಇಳಿಯುವಂತಿಲ್ಲ. ನಿಮಗೆ ಹಿಡಿಸುವ ಮನುಷ್ಯ ಅಪ್ಪಾ, ಒಮ್ಮೆ ಬಂದು ನೋಡಿರಿ.

ಅವ್ವನಿಗೆ ನಾನು ದಪ್ಪಗಾಗಿದ್ದೇನೆ ಎಂದು ಹೇಳಿರಿ.

ನಿಮ್ಮ ಮಗ
ಚಂದ್ರಾಮ


ನೆಲೋಗಿ
25 ಜೂನ್ 1947

ಚಿರಂಜೀವಿ ಚಂದ್ರಾಮನಿಗೆ ಅಪ್ಪನ ಆಶೀರ್ವಾದ.

ರಿವಾಜು ನನಗೆ ಕಲಿಸುವಷ್ಟು ದೊಡ್ಡವನಾದೆ, ಸಂತೋಷ. ಅಂದೋಲಾ ಮಠದ ಸಾಲಿಗೆ ನಿನ್ನನ್ನು ಓದು ಕಲಿಯಲೆಂದು ಹೆಗಲ ಮೇಲೆ ಹೊತ್ತುಕೊಂಡು ಹೋದದ್ದಕ್ಕೆ ಸಾರ್ಥಕವಾಯಿತು.

ನಾನು ಎದ್ದು ಬಂದದ್ದು ಹೆಸರಿಗಾಗಿ ಮಾತ್ರ ಎಂದು ತಿಳಿಯಬೇಡ. ನಾನು ಆಡಿದ ಕಾಲದಲ್ಲಿ ಒಂದೋ ಎದುರಿನವನನ್ನು ಚಿತ್ ಮಾಡುತ್ತಿದ್ದೆ, ಇಲ್ಲವೆ ನಾನೇ ಚಿತ್ ಆಗಿ ಮನೆಗೆ ಬರುತ್ತಿದ್ದೆ. ನೀನು ಸಲಾಮಿ ಮುಗಿಯುವುದೇ ತಡ, ಬೋರಲು ಬಿದ್ದು ಉಡದ ಹಾಗೆ ಮಣ್ಣು ಹಿಡಿಯುತ್ತೀ. ಬೆನ್ನು ನೆಲಕ್ಕೆ ಹತ್ತದಿದ್ದರೆ ಸೋಲಲ್ಲ ಎಂಬುದೊಂದನ್ನೇ ನೆಚ್ಚಿಕೊಂಡು ಬಿದ್ದಿರುತ್ತೀ. ಎದುರಿನವನು ಬೆವರಿ ಸಾಯುತ್ತಾನೆ, ಜನ ಕೂಗಾಡುತ್ತಾರೆ, ಕಡೆಗೆ ಪಂಚರು ಬೇಸತ್ತು ಕುಸ್ತಿ ಬರೋಬ್ಬರಿ ಎಂದು ಬಿಡಿಸುತ್ತಾರೆ. ಗೆದ್ದವನೂ ಇಲ್ಲ, ಸೋತವನೂ ಇಲ್ಲ. ನನ್ನ ಹಿಂದೆ ಕುಳಿತವನೊಬ್ಬ, ಇವನನ್ನು ಎಬ್ಬಿಸಲು ಗುದ್ದಲಿ ತರಬೇಕು ಎಂದ. ಎಲ್ಲರೂ ನಕ್ಕರು. ನನಗೆ ನಗಲು ಆಗಲಿಲ್ಲ.

ಇರಲಿ. ಈಗ ಬರೆಯುವುದು ಬೇರೆ ಕಾರಣಕ್ಕೆ. ನಿಜಾಮರು ಹಿಂದೂಸ್ಥಾನಕ್ಕೆ ಸೇರುವುದಿಲ್ಲವಂತೆ. ಸಂತೆಗೆ ಹೋದವರು ದಿನಕ್ಕೊಂದು ಸುದ್ದಿ ತರುತ್ತಾರೆ. ಖಾಕಿ ತೊಟ್ಟು ಬಡಿಗೆ ಹಿಡಿದ ರಜಾಕಾರರು ರಸ್ತೆಯಲ್ಲಿ ಬಸ್ಸು ನಿಲ್ಲಿಸಿ ಹೆಸರು ಕೇಳುತ್ತಾರಂತೆ. ನಿನ್ನ ಅವ್ವ ಸಂಜೆಯಾದರೆ ಹೊಸ್ತಿಲಲ್ಲಿ ಕೂರುತ್ತಾಳೆ. ಯಾಕೆ ಎಂದರೆ ಗಾಳಿ ಎನ್ನುತ್ತಾಳೆ.

ನಮ್ಮೂರ ಸೈದಪ್ಪ ತೊಗರಿ ಗಾಡಿ ಹೊಡೆದುಕೊಂಡು ಆಳಂದಕ್ಕೆ ಬರುತ್ತಾನೆ. ಅವನ ಕೈಯಲ್ಲಿ ತುಪ್ಪ ಕಳಿಸಿದ್ದಾಳೆ. ನೀನೇ ತಿನ್ನು, ನಿನ್ನ ದೊಡ್ಡ ಪೈಲ್ವಾನನಿಗೆ ತಿನ್ನಿಸಬೇಡ.

ನಿನ್ನ ಅಪ್ಪ
ಮಹಾದೇವಪ್ಪ


ಆಳಂದ
2 ಡಿಸೆಂಬರ್ 1947

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ತುಪ್ಪ ಮುಟ್ಟಿ ಎಷ್ಟೋ ದಿನವಾಯಿತು. ಬರೆಯಲು ಕೈ ಬರಲಿಲ್ಲ. ಏನು ಬರೆದರೆ ಯಾರು ಒಡೆದು ಓದುತ್ತಾರೋ ಎಂಬ ಅಂಜಿಕೆ. ಇದನ್ನು ಟಪಾಲಿಗೆ ಹಾಕದೆ ಸೈದಪ್ಪನ ಕೈಗೇ ಕೊಡುತ್ತಿದ್ದೇನೆ.

ವಿಠ್ಠಲ ಹೋದ. ಅವನನ್ನು ಸಾಕಿದ್ದ ಸಾಹುಕಾರರು ಮನೆಮಂದಿಯನ್ನೆಲ್ಲ ಗಾಡಿಗೆ ಏರಿಸಿಕೊಂಡು ಸೋಲಾಪುರದ ಕಡೆಗೆ ಗಡಿ ದಾಟಿದರು. ಅವರ ಹಿಂದೆ ಅವನೂ ಹೊರಟ. ಹೋಗುವಾಗ ಉಸ್ತಾದರ ಪಾದ ಮುಟ್ಟಿ ಅತ್ತ. ನನ್ನ ಎಡಪಕ್ಕೆಗೆ ಬೆರಳು ಚುಚ್ಚಿ ನಗಿಸಿ, ನೀನೂ ಬಾ ಎಂದ. ನಾನು ಹೋಗಲಿಲ್ಲ. ಧೈರ್ಯದಿಂದ ಉಳಿದೆ ಎಂದು ತಿಳಿಯಬೇಡಿರಿ, ಗಡಿ ದಾಟಲು ಅಂಜಿ ಉಳಿದೆ. ಈಗ ಜೋರು ಕೊಡಲು ನಾನಿದ್ದೇನೆ, ತೆಗೆದುಕೊಳ್ಳಲು ಯಾರೂ ಇಲ್ಲ.

ತಾಲೀಮಿನ ಹಿಂದಿನ ಬಯಲಲ್ಲಿ ಖಾಕಿಯವರ ಕವಾಯತು ನಡೆಯುತ್ತದೆ. ಅವರ ಕಾಲಿನ ಸಪ್ಪಳಕ್ಕೆ ನಾನು ದಿನಾ ಏಳುತ್ತೇನೆ. ಹೋದ ವಾರ ಅವರ ಮುಖಂಡ ಒಳಗೆ ಬಂದು ತಾಲೀಮಿನ ಹುಡುಗರನ್ನೆಲ್ಲ ಕವಾಯತಿಗೆ ಕಳಿಸಲು ಹೇಳಿದ. ಉಸ್ತಾದರು ಮಣ್ಣಿಗೆ ಮಜ್ಜಿಗೆ ಅರಿಶಿನ ಕಲಸುತ್ತಿದ್ದರು. ತಲೆ ಎತ್ತಲಿಲ್ಲ.

"ನನ್ನ ಪಠ್ಠಾಗಳು ಬರಿಗೈಲೆ ಆಡವರು. ಬಡಿಗಿ ಹಿಡದವನಿಗೆ ಈ ಮಣ್ಣಿನಾಗ ಜಾಗ ಇಲ್ಲ, ಅಂವ ನನ್ನ ಮಗ ಇದ್ದರೂ ಇಲ್ಲ."

ಅವನು ಬಾಗಿಲಲ್ಲಿ ಉಗುಳಿ ಹೋದ. ಅಂದಿನಿಂದ ಅವರ ಜನರೇ ಉಸ್ತಾದರಿಗೆ ಸಲಾಮು ಹೇಳುವುದನ್ನು ಬಿಟ್ಟಿದ್ದಾರೆ. ಅವರ ಹೆಂಡತಿ ನಜಮುನ್ನಿಸಾ ಅಮ್ಮ ನೀರಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಾರಂತೆ.

ಇನ್ನೊಂದು ಹೇಳಲೇಬೇಕು. ಅಫಜಲಪುರಕ್ಕೆ ಹಳೆಯ ಲಂಗೋಟಿ, ಮುದ್ಗರ ತರಲು ಹೋದಾಗ ದಾರಿಯಲ್ಲಿ ಖಾಕಿಯವರು ನನ್ನನ್ನು ಬಸ್ಸಿನಿಂದ ಇಳಿಸಿದರು. ಮುರಿದ ಕಿವಿ ನೋಡಿ ಪೈಲ್ವಾನನೆಂದು ಗುರುತು ಹಿಡಿದು, ಯಾರ ಪಠ್ಠಾ ಎಂದರು. ನನ್ನ ಬಾಯಿ ತಾನಾಗಿಯೇ ಕರೀಮಸಾಬ ಉಸ್ತಾದರ ಹೆಸರು ಹೇಳಿತು. ಅವರಿಗೆ ಉಸ್ತಾದರ ಜಗಳದ ಸುದ್ದಿ ಇನ್ನೂ ಮುಟ್ಟಿರಲಿಲ್ಲವೇನೋ, ಹೋಗು ಎಂದರು. ನನ್ನ ಜೊತೆ ಇಳಿಸಿದ್ದ ಇನ್ನೊಬ್ಬ ಪ್ರಯಾಣಿಕ ಬಸ್ಸಿಗೆ ಮರಳಿ ಬರಲಿಲ್ಲ. ಅವನ ಗಂಟು ಸೀಟಿನ ಮೇಲೆ ಹಾಗೆಯೇ ಇತ್ತು. ಯಾರೂ ಅದರ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ.

ಅವ್ವನಿಗೆ ಇದನ್ನು ಓದಿ ಹೇಳಬೇಡಿರಿ.

ನಿಮ್ಮ ಮಗ
ಚಂದ್ರಾಮ


ನೆಲೋಗಿ
20 ಫೆಬ್ರವರಿ 1948

ಚಿರಂಜೀವಿ ಚಂದ್ರಾಮನಿಗೆ ಆಶೀರ್ವಾದ.

ಕೂಡಲೇ ಹೊರಟು ಬಾ ಎಂದು ಬರೆಯಲು ಕುಳಿತೆ. ಬರೆಯುವಷ್ಟರಲ್ಲಿ ಭೀಮಾ ದಾಟುವ ಕಡವಿನಲ್ಲಿ ಯಾರನ್ನೋ ಹೊಡೆದು ಹಾಕಿದ್ದಾರೆ ಎಂಬ ಸುದ್ದಿ ಬಂತು. ಆದ್ದರಿಂದ ಬರಬೇಡ. ಆದರೆ ಅಲ್ಲಿಯೂ ಇರಬೇಡ. ಎಲ್ಲಿ ಇರಬೇಕೆಂದು ಹೇಳಲು ನನಗೆ ತಿಳಿಯುತ್ತಿಲ್ಲ.

ಊರಲ್ಲಿ ಹಗಲೇ ಬಾಗಿಲು ಹಾಕುತ್ತಾರೆ. ಜೋಳ ನಿಂತಿದೆ, ಕೊಯ್ಯಲು ಹೊಲಕ್ಕೆ ಹೋದವರು ಒಂದು ಕಣ್ಣು ರಸ್ತೆಯ ಮೇಲೆ ಇಟ್ಟಿರುತ್ತಾರೆ. ಧೂಳು ಎದ್ದರೆ ಹೆಂಗಸರು ಜೋಳದ ಒಳಗೆ ಕೂರುತ್ತಾರೆ. ಮೊನ್ನೆ ಎದ್ದ ಧೂಳು ಕುರಿಹಿಂಡಿನದು. ಆದರೂ ನಿನ್ನ ಅವ್ವ ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಕರೆದರೂ ಬರಲಿಲ್ಲ. ನನ್ನ ದನಿಯನ್ನೇ ನಂಬಲಿಲ್ಲ.

ನೀನು ಬಸ್ಸಿನ ಸಂಗತಿ ಬರೆದದ್ದನ್ನು ಅವಳಿಗೆ ಓದಿ ಹೇಳಲಿಲ್ಲ. ಆದರೆ ಓದುವಾಗ ನನ್ನ ಮುಖ ನೋಡುತ್ತಿದ್ದಳು, ಅಷ್ಟು ಸಾಕಾಯಿತು ಅವಳಿಗೆ.

ಆ ಮನುಷ್ಯ ನಿನಗೆ ಹೊಟ್ಟೆಗೆ ಏನು ಹಾಕುತ್ತಾನೆ? ಬರೆ.

ನಿನ್ನ ಅಪ್ಪ
ಮಹಾದೇವಪ್ಪ


ಆಳಂದ
11 ಜುಲೈ 1948

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಡುವೆ ಎರಡು ಕಾಗದ ಬರೆದಿದ್ದೆ. ಸೈದಪ್ಪನನ್ನು ಕೇಳಿದರೆ ಅವು ತನ್ನ ಕೈಗೆ ಬಂದೇ ಇಲ್ಲ ಎನ್ನುತ್ತಾನೆ. ಯಾರ ಕೈಗೆ ಹೋದವೋ.

ಹೊಟ್ಟೆಗೆ ರೊಟ್ಟಿ, ಪುಂಡಿಪಲ್ಲೆ. ಬದಾಮಿ, ಹಾಲು ಎಲ್ಲ ಸಾಹುಕಾರರ ಜೊತೆ ಗಡಿ ದಾಟಿವೆ. ನಜಮುನ್ನಿಸಾ ಅಮ್ಮ ಮೊದಲು ನನಗೆ ಹಾಕಿ ಆಮೇಲೆ ತಾವು ಉಣ್ಣುತ್ತಾರೆ. ಬುಟ್ಟಿಯಲ್ಲಿ ಏನು ಉಳಿದಿರುತ್ತದೆ ಎಂದು ನಾನು ನೋಡುವುದಿಲ್ಲ. ನೋಡಿದರೆ ಊಟ ಇಳಿಯುವುದಿಲ್ಲ.

ತಾಲೀಮಿಗೆ ಯಾರೂ ಬರುವುದಿಲ್ಲ. ನಾವಿಬ್ಬರೇ. ಉಸ್ತಾದರು ಎದ್ದ ಕೂಡಲೇ ಗೋಡೆಯ ಮಾಡದಲ್ಲಿರುವ ಹಣಮಪ್ಪನ ಪಟಕ್ಕೆ ಊದುಬತ್ತಿ ಹಚ್ಚುತ್ತಾರೆ, ಮಣ್ಣು ಅಗೆದು ನೀರು ಚಿಮುಕಿಸುತ್ತಾರೆ, ಅಂಚಿಗೆ ಕೂತು ನನ್ನನ್ನು ಬೋರಲು ಮಲಗಿಸುತ್ತಾರೆ. ಮೊಣಕೈ ಎಲ್ಲಿರಬೇಕು, ಗದ್ದ ಎಲ್ಲಿ ಒತ್ತಬೇಕು, ಉಸಿರು ಯಾವಾಗ ಬಿಡಬೇಕು ಎಂದು ಹೇಳುತ್ತ ಬೆನ್ನ ಮೇಲೆ ತಾವೇ ಹತ್ತಿ ಕೂರುತ್ತಾರೆ. ನೋಡುವವರು ಯಾರೂ ಇಲ್ಲದೆ ಇದೆಲ್ಲ ಯಾತಕ್ಕೆ ಎಂದು ಒಮ್ಮೆ ಕೇಳಿದೆ. ಮಣ್ಣು ಒಣಗಬಾರದು ಎಂದರು.

ನೀವು ಬರೆದದ್ದನ್ನು, ನನ್ನನ್ನು ಉಡ ಎಂದದ್ದನ್ನು, ಅವರಿಗೆ ಓದಿ ಹೇಳಿದೆ. ಉಸ್ತಾದರು ನಕ್ಕದ್ದನ್ನು ಈ ವರ್ಷದಲ್ಲಿ ಅಂದೇ ನೋಡಿದೆ. ನಿಮ್ಮ ಅಪ್ಪಗ ಕುಸ್ತಿ ಗೊತ್ತದ ಎಂದರು.

ನನಗೆ ಬಹಳ ಅಂಜಿಕೆಯಾಗುತ್ತದೆ ಅಪ್ಪಾ. ಇಷ್ಟು ದೊಡ್ಡ ಮೈ ಹೊತ್ತುಕೊಂಡು ಅಂಜುವುದು ನಾಚಿಕೆಯ ಸಂಗತಿ. ಗೋಣಿಚೀಲ ಬಿದ್ದ ಸಪ್ಪಳಕ್ಕೂ ಎದ್ದು ನಿಲ್ಲುತ್ತೇನೆ. ಮಣ್ಣಿನಲ್ಲಿ ಬೋರಲು ಮಲಗಿದಾಗ ಮಾತ್ರ ಎದೆ ಸುಮ್ಮನಿರುತ್ತದೆ.

ನಿಮ್ಮ ಮಗ
ಚಂದ್ರಾಮ


ನೆಲೋಗಿ
22 ಸೆಪ್ಟೆಂಬರ್ 1948

ಚಿರಂಜೀವಿ ಚಂದ್ರಾಮನಿಗೆ ಅಪ್ಪ ಅವ್ವನ ಆಶೀರ್ವಾದ.

ಹಿಂದೂಸ್ಥಾನದ ಫೌಜು ಬಂತು. ವಿಮಾನ ಹಾರಿದ್ದನ್ನು ನಾನೇ ನೋಡಿದೆ. ಊರಲ್ಲಿ ಬಾಗಿಲುಗಳು ತೆರೆದಿವೆ. ನಿನ್ನ ಅವ್ವ ಚಂದಮ್ಮ ಎಷ್ಟೋ ತಿಂಗಳ ಮೇಲೆ ಹೋಳಿಗೆ ಮಾಡಿದಳು. ನಿನ್ನ ಪಾಲಿನದನ್ನು ಮುಚ್ಚಿಟ್ಟು, ಕೆಡುತ್ತದೆ ಎಂದರೂ ಕೇಳದೆ ಕೆಡಿಸಿದಳು. ಇನ್ನು ನೀನು ಹೊರಟು ಬಾ.

ಬರುವಾಗ ಒಂದು ಎಚ್ಚರಿಕೆ. ದಿನಗಳು ತಿರುಗಿ ಬಿದ್ದಿವೆ. ಜೇವರ್ಗಿಯ ಕಡೆಯಿಂದ ಬಂದವರು ಹೇಳುವುದನ್ನು ಕೇಳಲಾಗುವುದಿಲ್ಲ. ಖಾಕಿ ತೊಟ್ಟವರು ಓಡಿಹೋದರು, ಉಳಿದ ಸಾಬರು ಏನೂ ಮಾಡದವರು, ಈಗ ಏಟು ಬೀಳುತ್ತಿರುವುದು ಅವರ ಮೇಲೆ. ಲಾರಿಗಳಲ್ಲಿ ಜನ ಊರೂರು ತಿರುಗುತ್ತಿದ್ದಾರಂತೆ. ದಾರಿಯಲ್ಲಿ ಯಾರಾದರೂ ಯಾರ ಪಠ್ಠಾ ಎಂದರೆ ನೆಲೋಗಿ ಮಹಾದೇವಪ್ಪನ ಪಠ್ಠಾ ಎನ್ನು. ಆ ಇನ್ನೊಂದು ಹೆಸರನ್ನು ಬಾಯಿಗೆ ತರಲೇಬೇಡ, ಅವರಿಗೂ ಒಳ್ಳೆಯದಲ್ಲ, ನಿನಗೂ ಒಳ್ಳೆಯದಲ್ಲ. ಅವರ ಋಣ ಇಲ್ಲಿಗೆ ಮುಗಿಯಿತೆಂದು ತಿಳಿದು ಬಾ.

ಇದು ನಿನ್ನ ಕೈಗೆ ಬೇಗ ಮುಟ್ಟಲಿ ಎಂದು ಸೈದಪ್ಪನಿಗೆ ಗಾಡಿ ಬಿಟ್ಟು ನಡೆದುಕೊಂಡೇ ಹೋಗಲು ಹೇಳಿದ್ದೇನೆ.

ನಿನ್ನ ಅಪ್ಪ
ಮಹಾದೇವಪ್ಪ


ಆಳಂದ
14 ಅಕ್ಟೋಬರ್ 1948

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಅಕ್ಷರ ವಾರೆಯಾಗಿವೆ, ಬೋರಲು ಮಲಗಿ ಬರೆಯುತ್ತಿದ್ದೇನೆ. ನಾನು ಬದುಕಿದ್ದೇನೆ ಎಂದು ಅವ್ವನಿಗೆ ಮೊದಲು ಹೇಳಿ, ಆಮೇಲೆ ಮುಂದೆ ಓದಿರಿ.

ಸೈದಪ್ಪ ಬಂದಾಗ ಎಲ್ಲ ಮುಗಿದಿತ್ತು. ಭೀಮಾ ತುಂಬಿ ಹರಿಯುತ್ತಿತ್ತು, ಕಡವಿನಲ್ಲಿ ದಾರಿ ಕಾದನಂತೆ. ಪಾಪ, ಅವನ ತಪ್ಪಲ್ಲ. ನಿಮ್ಮ ಕಾಗದ ಮೊದಲೇ ಮುಟ್ಟಿದ್ದರೆ ನಾನು ನಿಮ್ಮ ಮಾತು ಕೇಳುತ್ತಿದ್ದೆನೋ ಏನೋ, ದಿನವಿಡೀ ಅದನ್ನೇ ಯೋಚಿಸುತ್ತೇನೆ.

ಅಂದು ಮಧ್ಯಾಹ್ನ ಎಣ್ಣೆ ತರಲು ಪೇಟೆಗೆ ಹೋಗಿದ್ದೆ. ಲಾರಿ ಬಂದು ನಿಂತಿತು. ಬಡಿಗೆ, ಕೊಡಲಿ ಹಿಡಿದವರು ಇಳಿದರು, ಹೆಚ್ಚಿನವರು ಹೊರಗಿನವರು. ಒಬ್ಬ ನನ್ನ ಕಿವಿ ನೋಡಿ ಸಲುಗೆಯಿಂದ ಬೆನ್ನು ತಟ್ಟಿ "ಯಾರ ಪಠ್ಠಾ ಲೇ ನೀ?" ಎಂದ. ಪಂಚರು ಕೇಳುವ ಧಾಟಿಯಲ್ಲೇ ಕೇಳಿದ. ನನ್ನ ಬಾಯಿಗೆ ಇಷ್ಟು ವರ್ಷದ ಅಭ್ಯಾಸ. "ಕರೀಮಸಾಬ ಉಸ್ತಾದರ ಪಠ್ಠಾ" ಎಂದುಬಿಟ್ಟೆ. ಎದೆ ಬೇರೆ ಉಬ್ಬಿಸಿದ್ದೆ, ನೆನೆದರೆ ನಾಲಿಗೆ ಕಿತ್ತುಕೊಳ್ಳಬೇಕು ಅನಿಸುತ್ತದೆ. ಅವನ ಮುಖ ಬದಲಾಯಿತು. ಎಲ್ಲದಾನ ಅಂವ ಎಂದ.

ನಾನು ಉತ್ತರ ಕೊಡದೆ ಓಡಿದೆ. ಅದು ಎರಡನೆಯ ತಪ್ಪು. ಎಲ್ಲಿಗೆ ಹೋಗಬೇಕೆಂದು ನಾನೇ ಓಡಿ ತೋರಿಸಿದ ಹಾಗಾಯಿತು.

ಉಸ್ತಾದರು ಅಖಾಡದಲ್ಲಿ ಮಣ್ಣಿಗೆ ನೀರು ಹಾಕುತ್ತಿದ್ದರು. ಬಾಗಿಲಿಗೆ ಅಗುಳಿ ಇಲ್ಲ ಅಪ್ಪಾ, ತಾಲೀಮಿನ ಬಾಗಿಲಿಗೆ ಎಂದೂ ಇರಲಿಲ್ಲ. ಹೇಳಲು ಉಸಿರು ಬರಲಿಲ್ಲ. ಅವರನ್ನು ಮಣ್ಣಿಗೆ ಕೆಡವಿ ಮೇಲೆ ಬೋರಲು ಬಿದ್ದೆ. ಮೊಣಕೈ ಎರಡೂ ಹೂತು, ಗದ್ದ ಅವರ ತಲೆಯ ಪಕ್ಕಕ್ಕೆ ಒತ್ತಿ ಮಣ್ಣು ಹಿಡಿದೆ. ನನ್ನ ಕೆಳಗೆ ಅವರು ಪೂರ್ತಿ ಮುಚ್ಚಿಹೋದರು. ಈ ಮೈ ಇಷ್ಟು ದೊಡ್ಡದಾದದ್ದು ಒಳ್ಳೆಯದೇ ಆಯಿತು.

ಬಂದವರು ಎಳೆದರು. ಕಾಲು ಹಿಡಿದು ಜಗ್ಗಿದರು, ಕೂದಲು ಹಿಡಿದು ಎತ್ತಿದರು. ಏಳಲಿಲ್ಲ. ಆಮೇಲೆ ಬಡಿಗೆ ಬೀಳತೊಡಗಿತು. ಅಂಜಿಕೆಯಿಂದ ಲಂಗೋಟಿ ಒದ್ದೆಯಾದದ್ದು ನಿಜ, ನಿಮಗೆ ಸುಳ್ಳು ಹೇಳುವುದಿಲ್ಲ. ಕೆಳಗಿನಿಂದ ಉಸ್ತಾದರು ಬಿಡು ಬೇಟಾ, ನೀ ಏಳು ಎನ್ನುತ್ತಿದ್ದರು. ಅವರ ಮಾತನ್ನು ನಾನು ಕೇಳದೆ ಹೋದದ್ದು ಅಂದು ಮಾತ್ರ.

ಗದ್ದ ಒತ್ತಿ ಮಲಗಿದವನಿಗೆ ಕಾಣುವುದು ಕಾಲುಗಳಷ್ಟೇ. ಎಲ್ಲ ಕಾಲಲ್ಲೂ ಚಪ್ಪಲಿ. ಆ ಮಣ್ಣಿನ ಮೇಲೆ ಅಷ್ಟು ಚಪ್ಪಲಿ. ಅವುಗಳ ನಡುವೆ ಎರಡು ಬರಿಗಾಲು ಬಂದು ನಿಂತವು. ಹೆಬ್ಬೆರಳು ಸೊಟ್ಟಗಿದ್ದ ಬಲಗಾಲು. ಸರೀರಿ, ನಾ ಎಬ್ಬಸ್ತೀನಿ ಎಂಬ ಮಾತು ಕೇಳಿತು. ಅದು ವಿಠ್ಠಲನ ದನಿ. ಲಾರಿಯಲ್ಲಿ ಅವನೂ ಬಂದಿದ್ದ. ಬಂದ ಆ ಸಿಟ್ಟಿನಲ್ಲೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಇಳಿದಿದ್ದ.

ಇನ್ನು ಮುಗಿಯಿತು ಎಂದುಕೊಂಡೆ. ಅವನ ಬೆರಳು ಸೀದಾ ನನ್ನ ಎಡಪಕ್ಕೆಯ ಕೆಳಗೆ ಬಂತು, ಅದೇ ಜಾಗಕ್ಕೆ. ಅಲ್ಲಿ ನಿಂತಿತು. ಒತ್ತಿದ್ದರೆ ನಾನು ಸಡಿಲಾಗುತ್ತಿದ್ದೆ, ಅವನಿಗೂ ಗೊತ್ತು. ಎಷ್ಟು ಹೊತ್ತು ಹಾಗಿದ್ದನೋ ಹೇಳಲಾರೆ. ಆಮೇಲೆ ಕೈ ತೆಗೆದ.

"ಬಿಡ್ರಿ, ಇಂವ ಏಳಂಗಿಲ್ಲ. ಕುಸ್ತಿ ಬರೋಬ್ಬರಿ ಆತು."

ಅವನು ಎದ್ದು ನನ್ನ ತಲೆಯ ಹತ್ತಿರ ನಿಂತ. ಇನ್ನೊಂದು ಬಡಿಗೆ ಬೀಳಲಿಲ್ಲ. ಚಪ್ಪಲಿಗಳು ಒಂದೊಂದಾಗಿ ಹೊರಗೆ ಹೋದವು. ಬರಿಗಾಲು ಕೊನೆಗೆ ಹೋದವು. ಅವನು ಉಸ್ತಾದರ ಮುಖ ನೋಡಲಿಲ್ಲ, ಅವರೂ ಕರೆಯಲಿಲ್ಲ.

ಉಸ್ತಾದರ ಒಂದು ಮುಂಗೈ ಮುರಿದಿದೆ, ಅದು ನನ್ನ ಭಾರಕ್ಕೆ. ನನ್ನ ಸೊಂಟದ ಕೆಳಗೆ ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ಕೋಲು ಹಿಡಿದು ನಡೆಯಬಹುದು, ಕುಸ್ತಿ ಇನ್ನಿಲ್ಲ ಎಂದು ನಾಟಿ ವೈದ್ಯರು ಹೇಳಿದರು.

ಅಪ್ಪಾ, ಅವರು ಮತ್ತೆ ಬರುತ್ತಾರೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಈ ಸಲ ನನಗೆ ಏಳಲೂ ಬರುವುದಿಲ್ಲ, ಬೀಳಲೂ ಬರುವುದಿಲ್ಲ. ಉಸ್ತಾದರಿಗೂ ಅಮ್ಮನಿಗೂ ಹೋಗಲು ಊರಿಲ್ಲ. ನಾನು ಅವರನ್ನು ನೆಲೋಗಿಗೆ ಕರೆದುಕೊಂಡು ಬರಲೇ? ಬೇಡ ಎಂದರೆ ಸಿಟ್ಟು ಮಾಡುವುದಿಲ್ಲ, ಊರಿನ ಅಂಜಿಕೆ ನನಗೆ ಗೊತ್ತಿದೆ. ಆದರೆ ಆಗ ನಾನೂ ಇಲ್ಲೇ ಇರುತ್ತೇನೆ.

ಬೆನ್ನು ನೆಲಕ್ಕೆ ಹತ್ತಲಿಲ್ಲ ಎಂದು ಬರೆಯಬೇಕೆನಿಸಿತು. ಬರೆದಿದ್ದೇನೆ.

ನಿಮ್ಮ ಮಗ
ಚಂದ್ರಾಮ


ನೆಲೋಗಿ
27 ಅಕ್ಟೋಬರ್ 1948

ಚಿರಂಜೀವಿ ಚಂದ್ರಾಮನಿಗೆ ಆಶೀರ್ವಾದ. ಕರೀಮಸಾಬ ಉಸ್ತಾದರಿಗೂ ಅವರ ಮನೆಯವರಿಗೂ ನನ್ನ ಸಲಾಮು ಓದಿ ಹೇಳು.

ನಿನ್ನ ಕಾಗದವನ್ನು ಅವ್ವನಿಗೆ ಪೂರ್ತಿ ಓದಿದೆ, ಏನೂ ಬಿಡಲಿಲ್ಲ. ಅವಳು ಅತ್ತು, ಎದ್ದು, ಒಳಗಿನ ಖೋಲಿ ಸಾರಿಸಿದಳು. ಹಾಸಿಗೆ ಎರಡು ಬೇಕು, ನಿನಗೆ ಬೇರೆ ಎಂದು ಲೆಕ್ಕ ಹಾಕುತ್ತಿದ್ದಾಳೆ. ನಾನು ಇನ್ನೂ ಹೂಂ ಎಂದಿರಲೇ ಇಲ್ಲ.

ಊರವರು ನನ್ನನ್ನು ಚಾವಡಿಗೆ ಕರೆದರು. ಅವರನ್ನು ತರಬೇಡ, ಅವರ ಹಿಂದೆಯೇ ಲಾರಿ ಬರುತ್ತದೆ, ಊರಿಗೆ ಬೆಂಕಿ ಬೀಳುತ್ತದೆ ಎಂದರು. ಅವರು ಕೆಟ್ಟವರಲ್ಲ, ಅಂಜಿದವರು. ನಾನೂ ಅಂಜಿದ್ದೇನೆ. ಇದನ್ನು ಬರೆಯುವಾಗಲೂ ಹೊರಗೆ ಗಾಡಿ ಸಪ್ಪಳವಾದರೆ ಲೆಕ್ಕಣಿಕೆ ನಿಲ್ಲುತ್ತದೆ.

ಆದರೂ ಬರುತ್ತೇನೆ. ಭೀಮಾ ಇಳಿದಿದೆ. ಸೈದಪ್ಪನ ಗಾಡಿಗೆ ಕಣಿಕೆ ದಪ್ಪಗೆ ಹಾಸಿಸಿದ್ದೇನೆ, ನೀನು ಬೋರಲು ಮಲಗಲು ಅನುಕೂಲವಾಗುತ್ತದೆ. ನಜಮುನ್ನಿಸಾ ಅವರಿಗೆ ಚಂದಮ್ಮ ತನ್ನ ಸೀರೆ ಕಳಿಸುತ್ತಾಳೆ. ಉಸ್ತಾದರಿಗೆ ನನ್ನ ರುಮಾಲು. ದಾರಿಯಲ್ಲಿ ಬೇಕಾಗುತ್ತದೆ. ಊರಿಗೆ ಬಂದ ಮೇಲೆ ಅವರು ತಮ್ಮದನ್ನೇ ಉಟ್ಟುಕೊಳ್ಳಲಿ.

ಕೊಟ್ಟಿಗೆಯ ಪಕ್ಕದ ಹಳೆಯ ಮಣ್ಣು ಅಗೆದು ನೀರು ಹಾಕಿದ್ದೇನೆ. ನಿನಗಲ್ಲ, ಅವರಿಗೆ. ಆ ಮನುಷ್ಯನಿಗೆ ಎದ್ದ ಕೂಡಲೇ ಕೈಗೆ ಮಣ್ಣು ಬೇಕಾಗಬಹುದು. ನನ್ನ ಹಿಂದಿನ ಕಾಗದವನ್ನು ಒಲೆಗೆ ಹಾಕು.

ಚಾವಡಿಯಲ್ಲಿ ಹಿರಿಯರೊಬ್ಬರು ಕಡೆಗೆ, ಆ ಸಾಬರು ನಿನಗೇನು ಆಗಬೇಕು ಮಾದೇವಪ್ಪ ಎಂದು ಕೇಳಿದರು. ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಅಖಾಡದಲ್ಲಿ ಕೂಗುವ ಹಾಗೆ ಎಲ್ಲರಿಗೂ ಕೇಳುವಂತೆ ಹೇಳಿದೆ.

"ನನ್ನ ಮಗ ಚಂದ್ರಾಮ, ಆಳಂದದ ಕರೀಮಸಾಬ ಉಸ್ತಾದರ ಪಠ್ಠಾ."

ನಿನ್ನ ಅಪ್ಪ
ಮಹಾದೇವಪ್ಪ